ಚಾರ್ಜರ್ ಸೇರಿ ಒಂದೂಕಾಲು ಕೆ.ಜಿ.

"ಕಳ್ಳಿ!" ಎಂದು ಯಾರೂ ಕೂಗಲಿಲ್ಲ. ಆದರೆ ಆ ಮಹಡಿಯಲ್ಲಿದ್ದ ಅಷ್ಟೂ ಜನ ಅವಳ ಕಡೆ ತಿರುಗಿ ನೋಡಿದ ರೀತಿ ಮಾತ್ರ ಹಾಗೇ ಇತ್ತು.

ಅವಳು ಮಾಡಿದ್ದಿಷ್ಟೇ. ಗಾಜಿನ ಮೇಜಿನ ಮೇಲಿದ್ದ ಪುಟ್ಟ ಲ್ಯಾಪ್‌ಟಾಪ್ ಒಂದನ್ನು ಮುಚ್ಚಿ, ಎತ್ತಿ, ತನ್ನ ಹೆಗಲ ಚೀಲದೊಳಗೆ ಇಳಿಸಿ ನೋಡಿದ್ದಳು. ಚೀಲದಲ್ಲಿ ಹಿಡಿಸುತ್ತದೋ ಇಲ್ಲವೋ ಎಂದು. ಅದರ ಹಿಂದೆ ಒಂದು ತೆಳ್ಳನೆಯ ವೈರ್ ಅಂಟಿಕೊಂಡಿದೆ, ಎಳೆದರೆ ಅಲಾರಂ ಹೊಡೆದುಕೊಳ್ಳುತ್ತದೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಇಡೀ ಅಂಗಡಿ ಕಿರುಚಿಕೊಂಡಿತು!

ಕೌಂಟರಿನ ಹಿಂದಿನಿಂದ ಒಬ್ಬ ಎದ್ದು ಬಂದ. ಓಡಲಿಲ್ಲ, ನಿಧಾನವಾಗಿ ನಡೆದೇ ಬಂದ. ಜೇಬಿನಿಂದ ಚಿಕ್ಕ ಕೀಲಿ ತೆಗೆದು ಅಲಾರಂ ನಿಲ್ಲಿಸಿದ. ಅವಳ ಕೈ ಇನ್ನೂ ಚೀಲದೊಳಗೇ ಇತ್ತು.

"ಹಿಡಿಸ್ತಾ?" ಎಂದು ಕೇಳಿದ.

"ಏ... ಏನು?"

"ಚೀಲದಲ್ಲಿ. ಹಿಡಿಸ್ತಾ ಅಂತ."

ಅವಳಿಗೆ ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. "ನೋಡಿ, ನಾನು ಕದಿಯೋಕೆ..."

"ಕದಿಯೋರು ಅಷ್ಟು ಜೋಪಾನವಾಗಿ ಒಳಗಿಡಲ್ಲ ಮೇಡಂ. ಅಲಾರಂ ಹೊಡ್ಕೊಂಡ ಮೇಲೆ ಕಂಬದ ಥರ ನಿಂತ್ಕೊಳ್ಳೋದೂ ಇಲ್ಲ."

ಅವಳು ನಕ್ಕುಬಿಟ್ಟಳು. ಅವನೂ ನಕ್ಕ. ಲ್ಯಾಪ್‌ಟಾಪ್ ವಿಭಾಗ ನೋಡಿಕೊಳ್ಳುತ್ತಿದ್ದವನು ಅವನೇ. ಮೂವತ್ತೆರಡರ ಆಸುಪಾಸು, ಅರ್ಧ ತೋಳಿನ ನೀಲಿ ಅಂಗಿ, ಪರದೆ ಒರೆಸುವ ಬಟ್ಟೆಯೊಂದು ಹೆಗಲ ಮೇಲೆ.

"ಯಾವುದಕ್ಕೆ ಬೇಕು ಲ್ಯಾಪ್‌ಟಾಪು?"

"ದಿನಾ ಬಳಸೋಕೆ. ಚಿಕ್ಕದು, ಹಗುರದ್ದು. ಕಾಲೇಜಲ್ಲಿ ಟೈಪ್ ಮಾಡೋದು... ಅಷ್ಟೇ."

ಆ "ಅಷ್ಟೇ" ಒಂದನ್ನು ಅವಳು ಆಡದೆ ಇದ್ದಿದ್ದರೆ ಎಷ್ಟು ಕಣ್ಣೀರು ಉಳಿಯುತ್ತಿತ್ತೋ! ಆದರೆ ಪಾಪ, ತನ್ನ ಕೆಲಸ ಏನೆಂದು ಸಿಕ್ಕಸಿಕ್ಕವರಿಗೆಲ್ಲ ವಿವರಿಸಿ ವಿವರಿಸಿ ಅವಳಿಗೆ ಸಾಕಾಗಿತ್ತು.

ಅವಳ ಕೆಲಸ ಇಷ್ಟು. ಕಾನೂನು ಕಾಲೇಜಿನ ಎರಡನೇ ವರ್ಷದಲ್ಲಿ ಒಬ್ಬರು ಓದುತ್ತಿದ್ದರು. ನಲವತ್ತೇಳು ವರ್ಷ, ಬೆಳೆದು ನಿಂತ ಇಬ್ಬರು ಮಕ್ಕಳು. ಹತ್ತು ವರ್ಷದ ಹಿಂದೆ ಜ್ವರ ಬಂದು ಎರಡೂ ಕಿವಿ ಹೋಗಿತ್ತು. ಎಲ್ಲರಿಗೂ ಅವರು ಅಕ್ಕ. ಅಕ್ಕನ ಪಕ್ಕ ಕೂತು, ಮೇಷ್ಟ್ರು ಆಡಿದ ಮಾತನ್ನು ಆಡಿದ ಹಾಗೇ, ಆಡಿದ ಕ್ಷಣದಲ್ಲೇ ಇವಳು ಟೈಪ್ ಮಾಡಬೇಕು. ಅಕ್ಕ ಪರದೆ ನೋಡಿ ಓದಿಕೊಳ್ಳಬೇಕು. ಮೇಷ್ಟ್ರು "ನಾನು" ಅಂದರೆ ಇವಳೂ "ನಾನು" ಅಂತಲೇ ಹೊಡೆಯಬೇಕು. ತರಗತಿ ಮುಗಿದ ಕೂಡಲೇ ಅಕ್ಕನಿಗೆ ಒಂದು ಪ್ರತಿ ಕಳಿಸಿ ತನ್ನಲ್ಲಿರುವುದನ್ನು ಅಳಿಸಿಬಿಡುತ್ತಿದ್ದಳು. ಇನ್ನೊಬ್ಬರ ಮಾತು ತನ್ನ ಹತ್ತಿರ ಉಳಿಯಬಾರದು ಅನ್ನುವುದು ಅವಳೇ ಹಾಕಿಕೊಂಡ ನೇಮ.

ದಿನಕ್ಕೆ ಸಾವಿರಾರು ಮಾತು ಅವಳ ಬೆರಳಿನಿಂದ ಹಾದುಹೋಗುತ್ತಿತ್ತು. ಅದರಲ್ಲಿ ಅವಳಿಗೆ ಅಂತ ಯಾರೂ ಆಡಿದ ಮಾತು ಒಂದೂ ಇರುತ್ತಿರಲಿಲ್ಲ.

ಹಳೆಯ ಲ್ಯಾಪ್‌ಟಾಪು ಚಾರ್ಜರ್ ಸೇರಿ ಮೂರೂವರೆ ಕೆ.ಜಿ. ಬ್ಯಾಟರಿ ಇಪ್ಪತ್ತು ನಿಮಿಷಕ್ಕೇ ಕೈಕೊಡುತ್ತಿತ್ತು. ಪ್ಲಗ್ ಇದ್ದದ್ದು ಹಿಂದಿನ ಗೋಡೆಯಲ್ಲಿ ಮಾತ್ರ, ಹಾಗಾಗಿ ಅಕ್ಕ ಮತ್ತು ಇವಳು ಯಾವಾಗಲೂ ಕೊನೆಯ ಬೆಂಚು. ಲಿಫ್ಟ್ ಇಲ್ಲದ ನಾಲ್ಕು ಮಹಡಿ ಹತ್ತಿ ಹತ್ತಿ ಬಲ ಹೆಗಲು ಹಿಡಿದುಕೊಂಡಿತ್ತು. "ಹಗುರದ್ದು ತಗೊಳ್ಳಮ್ಮ, ಇಲ್ಲಾಂದ್ರೆ ಈ ಕೆಲಸ ಬಿಡು" ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

ಇದ್ಯಾವುದನ್ನೂ ಅವಳು ಅವನಿಗೆ ಹೇಳಲಿಲ್ಲ.

ಅವನು ಕೌಂಟರಿನ ಕೆಳಗಿನಿಂದ ಅಡುಗೆಮನೆಯಲ್ಲಿ ಹಿಟ್ಟು ತೂಗುವಂಥ ಪುಟ್ಟ ತಕ್ಕಡಿ ತೆಗೆದು ಮೇಲಿಟ್ಟ.

"ಇದ್ಯಾಕೆ?"

"ಡಬ್ಬದ ಮೇಲೆ ಬರೆದಿರೋ ತೂಕ ನಂಬಬೇಡಿ. ಅದರಲ್ಲಿ ಚಾರ್ಜರ್ ಸೇರಿರಲ್ಲ. ನೀವು ದಿನಾ ಹೊರೋದು ಎರಡನ್ನೂ ತಾನೆ?"

ಒಂದೊಂದನ್ನೇ ತಕ್ಕಡಿಯ ಮೇಲಿಟ್ಟು ತೋರಿಸಿದ. ಇದು ಹಗುರ, ಆದರೆ ಫ್ಯಾನು ಹುಯ್ಯಿ ಅನ್ನುತ್ತೆ. ಇದರ ಪರದೆ ಹೊಳೆಯುತ್ತೆ, ಕಿಟಕಿ ಪಕ್ಕ ಕೂತರೆ ನಿಮ್ಮ ಮುಖವೇ ಕಾಣುತ್ತೆ. ಇದಕ್ಕೆ ಫೋನಿನ ಚಾರ್ಜರೇ ಸಾಕು, ಆದರೆ ಕೀ ಗಟ್ಟಿ. ಅಗೋ ಆ ಬೆಳ್ಳಿ ಬಣ್ಣದ್ದು ಎಲ್ಲಕ್ಕಿಂತ ಹಗುರ, ಆದರೆ ಅದರ ಕೀಗಳಿಗೆ ಆಳವೇ ಇಲ್ಲ, ಜೋರಾಗಿ ಟೈಪ್ ಮಾಡೋರಿಗೆ ಅಕ್ಷರ ನುಂಗುತ್ತೆ, ಯಾರು ಹೇಳಿದರೂ ತಗೋಬೇಡಿ.

'ಮಾರೋನಾ ಇವನು, ಬೇಡ ಅನ್ನೋನಾ?' ಅವಳಿಗೆ ಒಳಗೊಳಗೇ ನಗು.

"ಇನ್ನೊಂದು ಸಲ ಬಂದು ನೋಡಿ. ಹೊಸ ಸ್ಟಾಕ್ ಬರುತ್ತೆ" ಅಂದ.

ಅವಳು ಬಂದಳು. ಮತ್ತೆ ಬಂದಳು. ಮೂರನೇ ಸಲ, ನಾಲ್ಕನೇ ಸಲ...

ಪ್ರತಿ ಲ್ಯಾಪ್‌ಟಾಪಿನ ಮೇಲೂ ಟೈಪ್ ಮಾಡಿ ನೋಡುತ್ತಿದ್ದಳು. ಏನು ಟೈಪ್ ಮಾಡುವುದು? ಅಭ್ಯಾಸಬಲ, ಕಿವಿಗೆ ಬಿದ್ದದ್ದನ್ನೇ. ಟಿ.ವಿ. ವಿಭಾಗದಲ್ಲಿ ಗಂಡ ಹೆಂಡತಿ ಕಿತ್ತಾಡುತ್ತಿದ್ದರೆ ಅದು. ಆಮೇಲೆ ಒಂದಕ್ಷರ ಬಿಡದೆ ಅಳಿಸಿ ಏಳುತ್ತಿದ್ದಳು.

ಐದನೇ ಸಲ ಮೆಟ್ಟಿಲಿಳಿಯುವಾಗ ಅವಳಿಗೆ ಒಂದು ವಿಷಯ ಥಟ್ಟನೆ ಹೊಳೆಯಿತು.

'ತಗೊಂಡ್ಬಿಟ್ರೆ... ಆಮೇಲೆ ಇಲ್ಲಿಗೆ ಏನಂತ ಬರ್ಲಿ?'

ಅಲ್ಲಿಗೆ ನೆಮ್ಮದಿ ಕೆಟ್ಟಿತು. ಒಂದು ಕಡೆ ಹೆಗಲು 'ತಗೋ ತಗೋ' ಎಂದು ಹಿಂಸೆ ಕೊಡುತ್ತಿತ್ತು. ಇನ್ನೊಂದು ಕಡೆ ಮನಸ್ಸು 'ಇನ್ನೊಂದು ವಾರ' ಎಂದು ಗೋಗರೆಯುತ್ತಿತ್ತು. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಬಸ್ಸಿನಲ್ಲಿ ಕಂಡಕ್ಟರು ಕೂಗುವುದನ್ನೆಲ್ಲ ತೊಡೆಯ ಮೇಲೆ ಬೆರಳಾಡಿಸುತ್ತ ಟೈಪ್ ಮಾಡುವಳು. ಊಟಕ್ಕೆ ಕೂತರೆ ತಟ್ಟೆಯ ಅಂಚಿನ ಮೇಲೂ ಅದೇ.

"ತಟ್ಟೆ ತೂತು ಬೀಳುತ್ತೆ, ನಿಲ್ಸೇ!" ಎಂದು ಅಮ್ಮ ಗದರಿದರು. "ಒಂದು ಲ್ಯಾಪ್‌ಟಾಪ್ ತಗೊಳ್ಳೋಕೆ ಯಾರಾದ್ರೂ ಇಷ್ಟು ಸಲ ಹೋಗ್ತಾರಾ? ನಿನ್ನಪ್ಪ ನನ್ನನ್ನ ಒಂದೇ ಸಲ ನೋಡಿ ಒಪ್ಕೊಂಡ್ರು."

"ಅದಕ್ಕೇ ಅಮ್ಮ, ಇವತ್ತಿಗೂ ಅನುಭವಿಸ್ತಿದಾರೆ."

ಅಮ್ಮ ಸೌಟು ಎತ್ತಿದರು. ಮಗಳು ಓಡಿದಳು.

ಅಕ್ಕನಿಗೆ ಮಾತ್ರ ಎಲ್ಲ ಗೊತ್ತಿತ್ತು. ಅವನಿಗೆ ಅವರೇ ಇಟ್ಟ ಹೆಸರು ತಕ್ಕಡಿರಾಯ. "ಏನಂದ ನಿನ್ನ ತಕ್ಕಡಿರಾಯ?" ಎಂದು ಕಾರಿಡಾರಿನಲ್ಲಿ ಕೇಳುವರು. ತನ್ನ ದನಿ ಎಷ್ಟು ಜೋರೆಂದು ಅಕ್ಕನಿಗೆ ಕೇಳಿಸುವುದಿಲ್ಲವಲ್ಲ, ನಾಲ್ಕೂ ಮಹಡಿಗೆ ಸುದ್ದಿ ಮುಟ್ಟುತ್ತಿತ್ತು.

ಆರನೇ ಸಲ, ಒಂದು ಬುಧವಾರ.

ಅವಳು ಹೊಸದೊಂದರ ಮುಂದೆ ಕೂತಿದ್ದಳು. ಎದುರಿನ ಫ್ರಿಜ್ ವಿಭಾಗದಲ್ಲಿ ಒಬ್ಬಳು ಫೋನಿನಲ್ಲಿ ಯಾರ ಜೊತೆಗೋ ಹರಟುತ್ತಿದ್ದಳು. ಇವಳ ಕಣ್ಣು ಕೌಂಟರಿನ ಕಡೆ, ಬೆರಳು ಕೀಗಳ ಮೇಲೆ. ಅಷ್ಟರಲ್ಲಿ ಅಕ್ಕನ ಮೆಸೇಜು: "ಕ್ಲಾಸ್ ಅರ್ಧ ಗಂಟೆ ಮುಂಚೆಯಂತೆ. ಓಡಿ ಬಾ!"

ಓಡಿದಳು. ಬದುಕಿನಲ್ಲಿ ಮೊದಲ ಸಲ ಅಳಿಸುವುದನ್ನು ಮರೆತು ಓಡಿದಳು.

ಮಧ್ಯಾಹ್ನ ಜನ ಕಡಿಮೆಯಾದಾಗ ಪ್ರದರ್ಶನಕ್ಕಿಟ್ಟ ಲ್ಯಾಪ್‌ಟಾಪುಗಳನ್ನೆಲ್ಲ ಒರೆಸಿ, ಗಿರಾಕಿಗಳು ಗೀಚಿ ಹೋದದ್ದನ್ನು ಅಳಿಸುವುದು ಅವನ ದಿನದ ಕೆಲಸ. ಅವಳು ಕೂತಿದ್ದ ಕುರ್ಚಿಯ ಮುಂದೆ ನಿಂತ. ಪರದೆಯ ಮೇಲೆ ಒಂದೂ ತಪ್ಪಿಲ್ಲದ ಟೈಪಿಂಗು.

"ಸುಮ್ನೆ ಟೈಮ್‌ಪಾಸ್ ಕಣೆ. ನಾನು ತಗೊಳ್ಳೋದೇನೂ ಇಲ್ಲ. ಬಂದಾಗೆಲ್ಲ ಅಂಗಡಿಯವನು ಪಾಪ ಒಂದೊಂದೂ ತೋರಿಸ್ತಾನೆ, ನಂಗೆ ನಗು ಬರುತ್ತೆ. ಬರೋ ತಿಂಗಳು ಮದುವೆ, ಹುಡುಗನ ಮನೇಲೇ ಎಲ್ಲ ಇದೆ. ನಾನ್ಯಾಕೆ ತಗೊಳ್ಲಿ?"

ಎರಡು ಸಲ ಓದಿದ. ಯಾರೋ ಗೆಳತಿಗೆ ಬರೆಯುತ್ತಿದ್ದವಳು ಅರ್ಧಕ್ಕೆ ಎದ್ದು ಹೋಗಿದ್ದಾಳೆ ಎಂದುಕೊಂಡ. ಬೇರೆ ಇನ್ನೇನು ಅಂದುಕೊಳ್ಳಲು ಸಾಧ್ಯವಿತ್ತು ಹೇಳಿ? ಅವನ ಮುಖ ಸುಟ್ಟ ಹಾಗಾಯಿತು. ಬಟ್ಟೆ ತೆಗೆದು ಪರದೆ ಒರೆಸಿದ. ಅಕ್ಷರ ಒರೆಸಿದರೆ ಹೋಗುವಂಥದ್ದಲ್ಲ ಎಂದು ಎಷ್ಟೋ ಹೊತ್ತಿನ ಮೇಲೆ ನೆನಪಾಗಿ, ಅಳಿಸಿದ.

ಸೋಮವಾರ ಅವಳು ಬಂದಳು. ಅವತ್ತು ಒಂದು ತೀರ್ಮಾನ ಮಾಡಿಕೊಂಡು ಬಂದಿದ್ದಳು. ತಗೊಂಡುಬಿಡುವುದು, ಆಮೇಲೆ ಧೈರ್ಯ ಮಾಡಿ 'ಒಂದು ಕಾಫಿ ಕುಡಿಯೋಣ್ವಾ' ಎಂದು ಕೇಳಿಬಿಡುವುದು. ಬಸ್ಸಿನುದ್ದಕ್ಕೂ ಆ ಒಂದು ವಾಕ್ಯವನ್ನು ತೊಡೆಯ ಮೇಲೆ ಹತ್ತು ಸಲ ಟೈಪ್ ಮಾಡಿದ್ದಳು.

ಅವನು ತಲೆ ಎತ್ತಲಿಲ್ಲ.

"ಯಾವುದು ಬೇಕು ಹೇಳಿ ಮೇಡಂ, ಬಿಲ್ ಹಾಕ್ತೀನಿ."

"ಯಾಕೆ... ಇವತ್ತು ತಕ್ಕಡಿ ಇಲ್ವಾ?"

"ತಗೊಳ್ಳೋರಿಗೆ ತೆಗೀತೀನಿ."

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. 'ಇಷ್ಟು ದಿನ ನಾನು ಇವನಿಗೆ ಪೀಡೆ ಆಗಿದ್ನಾ? ಎಲ್ಲರ ಮುಂದೆ ಹೀಗಾ?' ಕಣ್ಣು ತುಂಬಿ ಬಂತು. ತುಂಬಿದ್ದು ಕಾಣಬಾರದೆಂದು ಸಿಟ್ಟು ತಂದುಕೊಂಡಳು. ಬೆರಳು ಹೋಗಿ ನಿಂತದ್ದು ಬೆಳ್ಳಿ ಬಣ್ಣದ್ದರ ಮೇಲೆ.

"ಇದು ಕೊಡಿ."

ಈಗ ಅವನು ತಲೆ ಎತ್ತಿದ. "ಅದು ನಿಮಗೆ ಆಗಲ್ಲ."

"ನನಗೆ ಏನಾಗುತ್ತೆ, ಏನಾಗಲ್ಲ ಅಂತ ನಿಮಗ್ಯಾಕೆ? ಬಿಲ್ ಹಾಕಿ!"

ಅವನು ಬಿಲ್ ಹಾಕಿದ. ತಗೊಳ್ಳುವುದಿಲ್ಲ ಅಂದವಳು ಯಾಕೆ ತಗೊಂಡಳೆಂದು ಅವನಿಗೆ ಅರ್ಥವಾಗಲಿಲ್ಲ. ಅವಳು ಡಬ್ಬ ಎದೆಗವಚಿಕೊಂಡು ಮೆಟ್ಟಿಲಿಳಿದಳು. ಹೂವಿನಷ್ಟು ಹಗುರವಾಗಿತ್ತು ಅದು. ಅವಳಿಗೆ ಹೆಜ್ಜೆ ಎತ್ತಿಡಲು ಆಗುತ್ತಿರಲಿಲ್ಲ.

ಮರುದಿನ ಅಕ್ಕನಿಗೆ ಹಬ್ಬ. ಎರಡು ವರ್ಷದಲ್ಲಿ ಮೊದಲ ಸಲ, ಪ್ಲಗ್ಗಿನ ಹಂಗಿಲ್ಲದೆ, ಇಬ್ಬರೂ ಮೊದಲನೇ ಬೆಂಚಿನಲ್ಲಿ ಕೂತಿದ್ದರು.

ಮೇಷ್ಟ್ರು ಸಾಕ್ಷ್ಯದ ಪಾಠ ಮಾಡುತ್ತ ಮಾಡುತ್ತ ಒಂದು ತಮಾಷೆ ಹೇಳಿದರು. ಕಟಕಟೆಯಲ್ಲಿ ನಿಂತ ಸಾಕ್ಷಿಯೊಬ್ಬ ವಕೀಲರ ಕನ್ನಡಕವನ್ನೇ ಹಾಕಿಕೊಂಡು ಅವರನ್ನೇ ಗುರುತು ಹಿಡಿಯದೆ ಹೋದದ್ದು. ಇಂಥ ಹೊತ್ತಿಗಾಗಿಯೇ ಅವಳು ಬದುಕುತ್ತಿದ್ದಳು ಅಂದರೂ ತಪ್ಪಿಲ್ಲ. ತರಗತಿಯೆಲ್ಲ ನಗುವ ಅದೇ ಕ್ಷಣಕ್ಕೆ ಅಕ್ಕನೂ ನಗಬೇಕು, ಒಂದು ಉಸಿರು ಹಿಂದೆ ಬೀಳಬಾರದು. ಎರಡು ವರ್ಷದಲ್ಲಿ ಒಮ್ಮೆಯೂ ಬಿದ್ದಿರಲಿಲ್ಲ.

ಅವತ್ತು ಬಿದ್ದಿತು. ಕೀಗಳು ಅಕ್ಷರ ನುಂಗಿದವು. ಪರದೆಯ ಮೇಲೆ "ಕನಕ", "ವಕಲ", "ಗುತು" ಎಂದು ಏನೇನೋ. ಅವಳು ಹಿಂದೆ ಹೋಗಿ ಸರಿ ಮಾಡುವಷ್ಟರಲ್ಲಿ ತರಗತಿ ನಕ್ಕು ಮುಗಿಸಿ, ಪೆನ್ನು ಹಿಡಿದು, ಸುಮ್ಮನಾಗಿತ್ತು. ಆ ಮೌನದಲ್ಲಿ ಅಕ್ಕ ಒಬ್ಬರೇ ಜೋರಾಗಿ ನಕ್ಕರು.

ಎಲ್ಲರೂ ತಿರುಗಿ ನೋಡಿದರು. ಅಕ್ಕನ ನಗು ಅಲ್ಲೇ ನಿಂತುಹೋಯಿತು.

ಕಾರಿಡಾರಿಗೆ ಬಂದ ಮೇಲೆ ಅವಳು ಗೋಡೆಗೆ ಮುಖ ಮಾಡಿ ಅತ್ತಳು. ಫೋನಿನಲ್ಲಿ ಎಲ್ಲವನ್ನೂ ಬರೆದು ತೋರಿಸಿದಳು. ತಪ್ಪು ನನ್ನದು ಅಕ್ಕ, ಸಿಟ್ಟಿನಲ್ಲಿ ತಗೊಂಡೆ, ಅವನು ಬೇಡ ಅಂದಿದ್ದ.

ಅಕ್ಕ ಓದಿ ಮುಗಿಸಿದರು. "ಬೇಡ ಅಂದ್ನಾ? ನಿನ್ನ ಮೇಲೆ ಬೇಜಾರಾಗಿರೋನು ಬೇಡ ಯಾಕನ್ನಬೇಕು? ಮಾರಿ ಕೈ ತೊಳ್ಕೊಳ್ತಿದ್ದ. ಇದರಲ್ಲೇನೋ ಇದೆ. ನಡಿ!"

"ಬೇಡ ಅಕ್ಕ..." ಎಂದು ತುಟಿಯಾಡಿಸಿದಳು.

"ನಂಗೆ ಕೇಳ್ಸಲ್ಲ!" ಎಂದು ಅಕ್ಕ ಕೈ ಹಿಡಿದು ಎಳೆದುಕೊಂಡು ಹೊರಟರು. ಬೇಕಾದಾಗ ಕಿವುಡನ್ನು ಹೀಗೆ ಬಳಸಿಕೊಳ್ಳುವುದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು.

ಅಂಗಡಿಯಲ್ಲಿ ಕೌಂಟರಿನ ಮುಂದೆ ನಿಂತು ಅಕ್ಕ ಗುಡುಗಿದರು. "ಇವನೇನಾ ತಕ್ಕಡಿರಾಯ?"

ಮಿಕ್ಸಿ ವಿಭಾಗದವರು ಕೂಡ ಇಣುಕಿದರು. ಅವಳಿಗೆ ಪ್ರಾಣವೇ ಹೋದಂತಾಯಿತು. ಬೆಳ್ಳಿ ಬಣ್ಣದ್ದನ್ನು ಕೌಂಟರಿನ ಮೇಲೆ ತೆರೆದಿಟ್ಟಳು. ಅಕ್ಕನಿಗೆ ಮಾತು ತಿಳಿಯಬೇಕಲ್ಲ, ಹಾಳು ಕೀಗಳನ್ನು ಒಂದೊಂದಾಗಿ ಒತ್ತಿ ಹಿಡಿದು ಟೈಪ್ ಮಾಡಲು ಶುರುಮಾಡಿದಳು.

"ನಾನು ಮೊದಲೇ ಹೇಳಿದ್ದೆ, ಅದು ಆಗಲ್ಲ ಅಂತ" ಎಂದ ಅವನು, ಅವಳ ಮುಖ ನೋಡದೆ. "ಏಳು ದಿನದೊಳಗೆ ಬದಲಾಯಿಸಿ ಕೊಡ್ತೀನಿ. ನನ್ನಿಂದ ತಪ್ಪಾಗಿದ್ರೆ ಕ್ಷಮಿಸಿ."

ಅಕ್ಕ ಪರದೆ ನೋಡುತ್ತಿದ್ದರು. ಅವರೇನು ನೋಡುತ್ತಿದ್ದಾರೆಂದು ಅವನೂ ಬಗ್ಗಿ ನೋಡಿದ.

"ನಾನು ಮೊದಲೇ ಹೇಳಿದ್ದೆ, ಅದು ಆಗಲ್ಲ ಅಂತ. ಏಳು ದಿನದೊಳಗೆ ಬದಲಾಯಿಸಿ ಕೊಡ್ತೀನಿ. ನನ್ನಿಂದ ತಪ್ಪಾಗಿದ್ರೆ ಕ್ಷಮಿಸಿ."

ಅವನು ಅವಳ ಕೈ ನೋಡಿದ. ಮತ್ತೆ ಪರದೆ ನೋಡಿದ.

"ಇದು... ನನ್ನ ಮಾತು."

"ಇದು... ನನ್ನ ಮಾತು" ಎಂದು ಪರದೆಯ ಮೇಲೂ ಮೂಡಿತು.

"ನೀವು... ಬೇರೆಯವರು ಆಡಿದ್ದನ್ನ ಹಾಗ್‌ಹಾಗೇ ಬರೀತೀರಾ?"

"ಅದೇ ನನ್ನ ಕೆಲಸ" ಎಂದಳು ಟೈಪ್ ಮಾಡುತ್ತಲೇ. "ಅಕ್ಕನಿಗೆ ಕಿವಿ ಕೇಳ್ಸಲ್ಲ. ಕಾಲೇಜಲ್ಲಿ ನಾನು ಮಾಡೋದು ಇದನ್ನೇ."

ಅವನು ಕುರ್ಚಿಗೆ ಕುಸಿದ. "ಮತ್ತೆ ಬುಧವಾರ... ಇಲ್ಲಿ ಬರೆದಿಟ್ಟು ಹೋದ್ರಲ್ಲ. ಟೈಮ್‌ಪಾಸು, ಬರೋ ತಿಂಗಳು ಮದುವೆ, ಅಂಗಡಿಯವನನ್ನ ನೋಡಿದ್ರೆ ನಗು ಬರುತ್ತೆ..."

"ಯಾರ ಮದುವೆ?" ಅವಳು ಕಣ್ಣರಳಿಸಿದಳು. ಆಮೇಲೆ ನೆನಪಾಯಿತು. ಫ್ರಿಜ್! ಫೋನು! "ಅಯ್ಯೋ, ಅದು ಆ ಕಡೆ ಫ್ರಿಜ್ ಹತ್ರ ನಿಂತಿದ್ದೋಳ ಮಾತು! ನಾನು ಕೇಳಿಸ್ಕೊಂಡಿದ್ದೂ ಇಲ್ಲ, ಬೆರಳು ಹೊಡೆದಿದ್ದು! ಅಳಿಸೋದು ಮರೆತು ಓಡಿದೆ. ಅದು ನಂದು ಅಂದ್ಕೊಂಡ್ರಾ? ಅದಕ್ಕೇನಾ ಹಾಗೆ..."

ಅಕ್ಕ ಕೊನೆಯ ಸಾಲು ಓದಿ ಮುಗಿಸಿ ಕೌಂಟರ್ ಗುದ್ದಿದರು. "ಏನಪ್ಪಾ, ಇವಳಿಗೆ ಮದುವೆನೂ ಇಲ್ಲ, ಗಂಡೂ ಇಲ್ಲ! ಕೇಳದೆ ಮಾಡದೆ ತೀರ್ಪು ಕೊಡೋಕೆ ನೀನ್ಯಾವ ಜಡ್ಜು?"

ಟಿ.ವಿ. ವಿಭಾಗದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವನು ಕೆಂಪಾದ. ಎದ್ದು ಕೆಳಗಿನ ಡ್ರಾಯರಿನ ಬೀಗ ತೆಗೆದು, ಬೂದು ಬಣ್ಣದ ಪುಟ್ಟ ಲ್ಯಾಪ್‌ಟಾಪ್ ಒಂದನ್ನು ಎತ್ತಿ ತಕ್ಕಡಿಯ ಮೇಲಿಟ್ಟ. ಪಕ್ಕದಲ್ಲಿ ಅದರ ಚಾರ್ಜರು.

"ಚಾರ್ಜರ್ ಸೇರಿ ಒಂದೂಕಾಲು ಕೆ.ಜಿ. ಒಂಬತ್ತು ಗಂಟೆ ಬ್ಯಾಟರಿ. ಕೀ ಮೆತ್ತಗಿದೆ, ಅಕ್ಷರ ಬಿಡಲ್ಲ, ಸದ್ದಿಲ್ಲ."

"ಹೊಸ ಸ್ಟಾಕಾ?"

"ಅಲ್ಲ." ಅವನು ಖಾಲಿ ಡ್ರಾಯರು ಮುಚ್ಚಿದ. "ನೀವು ಬಂದ ಮೊದಲನೇ ದಿನಾನೇ ಇತ್ತು. ಆ ಮೇಜಿನ ಮೇಲೇ ಇತ್ತು. ನೀವು ನೋಡೋಕೆ ಮುಂಚೆ ತೆಗೆದು ಡ್ರಾಯರಲ್ಲಿಟ್ಟೆ. ಇದನ್ನ ನೋಡಿದ್ರೆ ನೀವು ಅವತ್ತೇ ತಗೊಂಡು ಹೋಗ್ಬಿಡ್ತೀರಾ, ಮತ್ತೆ ಬರಲ್ಲ ಅಂತ ಗೊತ್ತಿತ್ತು. ಏಳು ವರ್ಷದಲ್ಲಿ ಒಬ್ಬ ಗಿರಾಕಿಗೂ ನಾನು..."

ಅವಳ ಬೆರಳು ನಿಂತುಹೋಯಿತು.

"ಯಾಕೆ ನಿಲ್ಸಿದೆ?" ಎಂದು ಅಕ್ಕ ಅವಳ ಮೊಣಕೈ ತಿವಿದರು. "ಅವನ ಬಾಯಿ ಆಡ್ತಾನೇ ಇದೆಯಲ್ಲ!"

ಅವಳಿಗೆ ಸಂತೋಷವೋ ಸಿಟ್ಟೋ ತಿಳಿಯಲಿಲ್ಲ. ಮೊದಲು ಬಂದದ್ದು ಸಿಟ್ಟೇ. "ಇಪ್ಪತ್ತಾರು ದಿನ! ಇಪ್ಪತ್ತಾರು ದಿನ ಮೂರೂವರೆ ಕೆ.ಜಿ. ಹೊತ್ಕೊಂಡು ನಾಲ್ಕು ಮಹಡಿ ಹತ್ತಿದೀನಿ! ಈ ಹೆಗಲು ಎತ್ತಿದ್ರೆ ನೋವು, ಇಳಿಸಿದ್ರೆ ನೋವು. ಡಾಕ್ಟ್ರು ಕೆಲಸ ಬಿಡು ಅಂತಿದಾರೆ. ಗೊತ್ತಾ ನಿಮಗೆ?"

ಅವನ ಮುಖ ಬಿಳಚಿಕೊಂಡಿತು.

"ಗೊತ್ತಿರ್ಲಿಲ್ಲ. ನಿಜವಾಗ್ಲೂ... ನೀವು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ತಗೊಂಡು ಹೋಗಿ ಇದನ್ನ. ನನ್ನ ಮುಖ ನೋಡೋಕೆ ಇಷ್ಟ ಇಲ್ಲ ಅಂದ್ರೆ ಬಿಲ್ ಬೇರೆಯವರ ಹತ್ರ ಮಾಡಿಸ್ತೀನಿ."

ಅಕ್ಕನಿಗೆ ಪರದೆಯಲ್ಲಿ ಏನೂ ಕಾಣಿಸುತ್ತಿರಲಿಲ್ಲ. ಆದರೆ ಎದುರಿಗಿದ್ದ ಎರಡು ಮುಖ ಕಾಣಿಸುತ್ತಿತ್ತು. ಹತ್ತು ವರ್ಷದಿಂದ ಮುಖ ಓದಿಯೇ ಬದುಕಿದ ಹೆಂಗಸು ಅವರು. ಕೈ ಚಾಚಿ ಬೆಳ್ಳಿ ಬಣ್ಣದ ಲ್ಯಾಪ್‌ಟಾಪಿನ ಮುಚ್ಚಳ ಮೆಲ್ಲಗೆ ಮುಚ್ಚಿದರು.

"ಬರೀಬೇಡ ಬಿಡು. ಇದು ನನಗಲ್ಲ, ನಿನಗೆ ಹೇಳ್ತಿರೋದು" ಎಂದರು. ತಮ್ಮ ಲೆಕ್ಕದಲ್ಲಿ ಅದು ಪಿಸುಮಾತು. ಇಡೀ ಮಹಡಿಗೆ ಕೇಳಿಸಿತು. "ನಾನು ಆ ಕಡೆ ಫ್ಯಾನ್ ನೋಡ್ಕೊಂಡು ಬರ್ತೀನಿ."

ಅಕ್ಕ ಹೋದರು. ಅವಳಿಗೆ ಕೈ ಎಲ್ಲಿಡಬೇಕೆಂದೇ ತಿಳಿಯದಾಯಿತು. ಕೌಂಟರಿನ ಮೇಲೆ ಸುಮ್ಮನೆ ಇಟ್ಟುಕೊಂಡಳು.

"ನಾನೂ ಒಂದು ಹೇಳ್ಬೇಕು" ಎಂದಳು ಕೊನೆಗೆ. ಸ್ವಂತ ಮಾತು ಹುಡುಕುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. "ಆರನೇ ಸಲ ಬಂದಾಗ ನೀವು ತೋರಿಸಿದ್ರಲ್ಲ, ಕಪ್ಪು ಬಣ್ಣದ್ದು... ಅದು ನನಗೆ ಸಾಕಾಗ್ತಿತ್ತು. ಕೀ ಗಟ್ಟಿ ಅಂತ ಸುಳ್ಳು ಹೇಳಿದೆ."

"ಯಾಕೆ?"

"ತಗೊಂಡ್ರೆ ಮತ್ತೆ ಬರೋಕೆ ಆಗಲ್ವಲ್ಲ."

ಅವನು ಹೆಗಲ ಮೇಲಿನ ಬಟ್ಟೆ ತೆಗೆದು ಒರೆಸಿದ್ದ ಪರದೆಯನ್ನೇ ಮತ್ತೆ ಒರೆಸಿದ. ಅವಳಿಗೆ ನಗು ಬಂತು.

"ಹಾಗಾದ್ರೆ ಹೆಗಲು ನೋವಿಗೆ ಅರ್ಧ ಪಾಲು ನಿಮ್ಮದೇ" ಎಂದ ಅವನು.

"ಕಾಲು ಭಾಗ. ಮುಕ್ಕಾಲು ನಿಮ್ಮದು."

"ಒಪ್ಕೊಂಡೆ." ಅವನು ಬೂದು ಲ್ಯಾಪ್‌ಟಾಪನ್ನು ಅವಳ ಕಡೆ ಸರಿಸಿದ. ಕೈ ಮಾತ್ರ ಅದರ ಮೇಲಿಂದ ತೆಗೆಯಲಿಲ್ಲ. "ಇವತ್ತು ಇದನ್ನ ತಗೊಂಡು ಹೋಗ್ತೀರಾ. ನಾಳೆಯಿಂದ ನೀವು ಇಲ್ಲಿಗೆ ಬರೋಕೆ ಕಾರಣ ಇರಲ್ಲ."

"ಇಲ್ಲ" ಎಂದಳು ಮೆಲ್ಲಗೆ.

"ನಾನು ಬರಬಹುದಾ? ನಿಮ್ಮ ಕಾಲೇಜಿನ ಹತ್ರ... ಏನೂ ತೋರಿಸೋಕಲ್ಲ, ಮಾರೋಕಲ್ಲ. ನಿಮ್ಮನ್ನ ನೋಡೋಕೆ."

ಅವಳು ಅವನ ಮುಖವನ್ನೇ ನೋಡುತ್ತ ನಿಂತಳು.

"ಇನ್ನೊಂದು ಸಲ ಹೇಳಿ."

"ಕೇಳಿಸ್ಲಿಲ್ವಾ?"

"ಕೇಳಿಸ್ತು... ಆದ್ರೂ ಹೇಳಿ."

"ನಿಮ್ಮನ್ನ ನೋಡೋಕೆ ಬರ್ತೀನಿ. ನಾಳೆ. ಎಷ್ಟು ಗಂಟೆಗೆ ಬರ್ಲಿ?"

"ನಾಲ್ಕೂವರೆಗೆ" ಎಂದಳು. "ಗೇಟ್ ಹತ್ರ ನಿಂತಿರಿ. ಇಳಿದು ಬರೋದು ಸ್ವಲ್ಪ ತಡ ಆಗುತ್ತೆ, ನಾಲ್ಕು ಮಹಡಿ."

"ಬೇಡ, ನೀವು ಇಳೀಬೇಡಿ. ನಾನೇ ಮೇಲೆ ಹತ್ತಿ ಬರ್ತೀನಿ."